‘ನಾಟಕ’ ಕೇಳಿದರೆ ‘ಕರ್ನಾಟಕ’ ಬರುವುದೇಕೆ?

ಮಾನ್ಯ ಸಂಪಾದಕರೇ,

ಊರೂರಿನ ವಾಚನಾಲಯಗಳು, ಸಂಘಗಳ ಪುಸ್ತಕ ಭಂಡಾರಗಳು, ಶಾಲಾ ಕಾಲೇಜುಗಳ ಗ್ರಂಥಾಲಯಗಳು ತಮ್ಮಲ್ಲಿರುವ ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿಕೊಳ್ಳುತ್ತಿರುವುದು ಸಂತೋಷದ ಸಂಗತಿ. ಆದರೆ ಈ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಾಣುತ್ತಿರುವ ಒಂದು ತಪ್ಪಿದೆ. ಒಂದು ಪುಸ್ತಕಕ್ಕೆ ಸೇರಿದ ಹಲವು ವಿಷಯಗಳನ್ನು, ಅಥವಾ ಅದನ್ನು ಬರೆದ ಹಲವು ಲೇಖಕರ ಹೆಸರುಗಳನ್ನು, ನಡುನಡುವೆ ಅಲ್ಪವಿರಾಮ ಹಾಕಿ ಒಂದೇ ಖಾನೆಯೊಳಗೆ ಸಾಲಾಗಿ ಬರೆದಿಡುವುದೇ ಆ ತಪ್ಪು. ಕೇಳುವವರಿಗೆ ಇದು ತೀರ ಸಣ್ಣ ಸಂಗತಿ ಎನ್ನಿಸಬಹುದು. ಬಹುಕಾಲ ದತ್ತಾಂಶ ನಿರ್ವಹಣೆಯ ಕೆಲಸ ಮಾಡಿ ನಿವೃತ್ತನಾಗಿರುವ ನನಗೆ, ಪುಸ್ತಕವನ್ನು ಓದುಗರಿಂದ ದೂರ ಮಾಡುವುದರಲ್ಲಿ ಗೆದ್ದಲಿಗಿಂತ ಈ ಅಲ್ಪವಿರಾಮದ ಪಾಲೇ ಹೆಚ್ಚಾಗಿ ಕಂಡಿದೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ. ದಯವಿಟ್ಟು ಅವಕಾಶ ಕೊಡಬೇಕು.

ನನ್ನ ಪರಿಚಯದ, ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ಸುಮಾರು ಹನ್ನೆರಡು ಸಾವಿರ ಪುಸ್ತಕಗಳಿವೆ. ಅಲ್ಲಿಯ ಅಕ್ಸೆಷನ್ ರಿಜಿಸ್ಟರನ್ನು, ಅಂದರೆ ಬಂದ ಪುಸ್ತಕಗಳನ್ನು ಕ್ರಮವಾಗಿ ದಾಖಲಿಸಿಡುವ ಪಟ್ಟಿಯನ್ನು, ಕೆಲವು ವರ್ಷಗಳ ಹಿಂದೆ ಯಾರೋ ಗುತ್ತಿಗೆದಾರರು ಕಂಪ್ಯೂಟರಿಗೆ ಹಾಕಿಕೊಟ್ಟಿದ್ದರು. ಕಳೆದ ವರ್ಷ ಪ್ರೌಢಶಾಲೆಯ ಒಬ್ಬ ಅಧ್ಯಾಪಕಿ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಆಡಿಸಲು ಒಂದು ನಾಟಕ ಹುಡುಕಿಕೊಂಡು ಅಲ್ಲಿಗೆ ಹೋದರು. ವಿಷಯದ ಜಾಗದಲ್ಲಿ ‘ನಾಟಕ’ ಎಂದು ಟೈಪ್ ಮಾಡಿದರೆ ತೆರೆಯ ಮೇಲೆ ಬಂದದ್ದು ಕರ್ನಾಟಕದ ಇತಿಹಾಸ, ಕರ್ನಾಟಕ ಸಂಗೀತ, ಕರ್ನಾಟಕ ಏಕೀಕರಣ, ಕರ್ನಾಟಕದ ದೇವಾಲಯಗಳು. ಪುಟದ ಮೇಲೆ ಪುಟ ತಿರುಗಿಸಿದರೂ ಅವರಿಗೆ ಬೇಕಾದದ್ದು ಎಲ್ಲೋ ಹೂತುಹೋಗಿತ್ತು. ಕೊನೆಗೆ ಅಲ್ಲಿಯ ಹಿರಿಯ ಸಹಾಯಕರೊಬ್ಬರು ತಮ್ಮ ನೆನಪಿನಿಂದಲೇ ಕಪಾಟಿನ ಮುಂದೆ ನಿಂತು ಎರಡು ಪುಸ್ತಕ ತೆಗೆದುಕೊಟ್ಟರಂತೆ. ಆ ಸಂಜೆಯೇ ಗ್ರಂಥಪಾಲಕರು ನನಗೆ ಫೋನ್ ಮಾಡಿ, ಕಂಪ್ಯೂಟರಿಗೆ ಏನಾಗಿದೆ ನೋಡಿ ಎಂದು ಕೇಳಿಕೊಂಡರು.

ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಪುಸ್ತಕಗಳ ಕೋಷ್ಟಕದಲ್ಲಿ ‘ವಿಷಯ’ ಎಂಬ ಒಂದೇ ಒಂದು ಕಾಲಂ ಇತ್ತು. ಅದರೊಳಗೆ ‘ಕರ್ನಾಟಕ, ಇತಿಹಾಸ, ಶಾಸನ’ ಎಂದೋ, ‘ನಾಟಕ, ಮಕ್ಕಳ ಸಾಹಿತ್ಯ’ ಎಂದೋ ಬರೆದಿಡಲಾಗಿತ್ತು. ಹೀಗೆ ಹಲವು ಮಾತುಗಳನ್ನು ಒಂದೇ ದಾರಕ್ಕೆ ಪೋಣಿಸಿಟ್ಟ ಮೇಲೆ ಅವುಗಳಲ್ಲಿ ಒಂದನ್ನು ಹುಡುಕಲು ತಂತ್ರಾಂಶ ಬರೆದವರಿಗೆ ಮೊದಲು ಹೊಳೆಯುವ ದಾರಿಯೆಂದರೆ ‘ಲೈಕ್’ ಎಂಬ ಆಜ್ಞೆ. ಹುಡುಕುವ ಪದದ ಹಿಂದೆಯೂ ಮುಂದೆಯೂ ಶೇಕಡಾ ಚಿಹ್ನೆಯನ್ನು ಹಚ್ಚಿ ‘%ನಾಟಕ%’ ಎಂದು ಕೊಟ್ಟರೆ, ಆ ಖಾನೆಯಲ್ಲಿ ಎಲ್ಲಿಯಾದರೂ ಸರಿ, ಈ ಅಕ್ಷರಗಳು ಇದೇ ಕ್ರಮದಲ್ಲಿ ಬಂದಿರುವ ಸಾಲುಗಳನ್ನೆಲ್ಲ ಅದು ಎತ್ತಿಕೊಡುತ್ತದೆ. ‘ಕರ್ನಾಟಕ’ ಎಂಬ ಪದದ ಹೊಟ್ಟೆಯೊಳಗೆ ‘ನಾಟಕ’ ಇದೆ ಎಂಬುದು ಆಗ ಹೊರಬಂತು.

ಇಲ್ಲಿ ನಮ್ಮ ಲಿಪಿಯ ಒಂದು ಸ್ವಾರಸ್ಯವಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಕಾಗದದ ಮೇಲೆ ‘ಕರ್ನಾಟಕ’ ಎಂದು ಬರೆದಾಗ ಅರ್ಕಾವತ್ತು ‘ನಾ’ ಅಕ್ಷರದ ನಂತರ, ‘ಟ’ ಅಕ್ಷರಕ್ಕೆ ಮೊದಲು ಬಂದು ಕೂರುತ್ತದೆ. ಹಾಗಾಗಿ ನಮ್ಮ ಕಣ್ಣಿಗೆ ಅಲ್ಲಿ ‘ನಾಟಕ’ ಎಂಬುದು ಅಖಂಡವಾಗಿ ಕಾಣುವುದೇ ಇಲ್ಲ. ಆದರೆ ಕಂಪ್ಯೂಟರ್ ಅಕ್ಷರಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ. ಮೊದಲು ಕ, ಆಮೇಲೆ ರ, ಹಲಂತದ ಚಿಹ್ನೆ, ನ, ಆಕಾರದ ಚಿಹ್ನೆ, ಟ, ಕ, ಹೀಗೆ ಏಳು ಸಂಕೇತಗಳು. ಅವುಗಳಲ್ಲಿ ಕೊನೆಯ ನಾಲ್ಕು ಸೇರಿದರೆ ‘ನಾಟಕ’. ಮನುಷ್ಯ ಎಂದೂ ಮಾಡದ ತಪ್ಪನ್ನು ಯಂತ್ರ ಪ್ರತಿಸಲವೂ ಮಾಡುವುದು ಇದರಿಂದ. ‘ವೇದ’ ಎಂದು ಕೇಳಿದರೆ ‘ಆಯುರ್ವೇದ’ ಬರುವುದಕ್ಕೂ ಇದೇ ಕಾರಣ. ಅರ್ಕಾವತ್ತಿನ ತೊಡಕಿಲ್ಲದೆಯೂ ‘ಕಥೆ’ ಎಂದರೆ ‘ಆತ್ಮಕಥೆ’ ಬರುತ್ತದೆ, ‘ಕಾವ್ಯ’ ಎಂದರೆ ‘ಕಾವ್ಯಮೀಮಾಂಸೆ’ ಬರುತ್ತದೆ. ಸಮಾಸ ಮಾಡಿ ಪದ ಕಟ್ಟುವುದು ನಮ್ಮ ಭಾಷೆಯ ಸಹಜ ಗುಣವಾದ್ದರಿಂದ ಒಂದು ಪದದೊಳಗೆ ಇನ್ನೊಂದು ಪದ ಅಡಗಿರುವುದು ಕನ್ನಡದಲ್ಲಿ ಅಪರೂಪವಲ್ಲ, ನಿತ್ಯದ ಮಾತು. ವಿಷಯಗಳಿಗೆ ಪದದ ಬದಲು ಸಂಖ್ಯೆ ಕೊಟ್ಟವರೂ ಇದರಿಂದ ಪಾರಾಗುವುದಿಲ್ಲ. 5ನೆಯ ವಿಷಯವನ್ನು ಕೇಳಿದರೆ 15, 25, 50 ಎಲ್ಲವೂ ಜೊತೆಗೂಡಿ ಬರುತ್ತವೆ.

ಇದಕ್ಕೆ ಪರಿಹಾರವೇ ಇಲ್ಲವೆಂದಲ್ಲ. ಖಾನೆಯಲ್ಲಿರುವ ಸಾಲಿನ ಎರಡು ತುದಿಗೂ ಒಂದೊಂದು ಅಲ್ಪವಿರಾಮ ಸೇರಿಸಿ, ಹುಡುಕುವ ಪದಕ್ಕೂ ಹಾಗೆಯೇ ಎರಡು ಬದಿಗೆ ಅಲ್ಪವಿರಾಮ ಹಚ್ಚಿ ಹೋಲಿಸಿದರೆ, ಪೂರ್ತಿ ಪದ ಇದ್ದರೆ ಮಾತ್ರ ಹೊಂದುತ್ತದೆ. ಮೈಎಸ್‌ಕ್ಯುಎಲ್ ಎಂಬ ದತ್ತಸಂಚಯ (ಡೇಟಾಬೇಸ್) ವ್ಯವಸ್ಥೆಯಲ್ಲಿ ಇದಕ್ಕೆಂದೇ ‘ಫೈಂಡ್ ಇನ್ ಸೆಟ್’ ಎಂಬ ಸಿದ್ಧ ಸೂತ್ರವಿದೆ. ಪದವನ್ನೂ ಪಟ್ಟಿಯನ್ನೂ ಕೊಟ್ಟರೆ ಪಟ್ಟಿಯಲ್ಲಿ ಆ ಪದ ಎಷ್ಟನೆಯದು ಎಂದು ಅದು ಹೇಳುತ್ತದೆ, ಇಲ್ಲದಿದ್ದರೆ ಸೊನ್ನೆ ಕೊಡುತ್ತದೆ. ನಾನೂ ಮೊದಲ ದಿನ ಅದನ್ನೇ ಹಾಕಿದೆ. ಕರ್ನಾಟಕದ ಇತಿಹಾಸವೇನೋ ಪಟ್ಟಿಯಿಂದ ಹೊರಟುಹೋಯಿತು. ಆದರೆ ಅದರ ಜೊತೆಗೆ ನಾಟಕಗಳಲ್ಲಿಯೂ ಅರ್ಧಕ್ಕರ್ಧ ಮಾಯವಾದವು.

ಕಾರಣ ಹುಡುಕಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು. ನಮಗೆ ಶಾಲೆಯಲ್ಲಿ ಕಲಿಸಿದ ಪ್ರಕಾರ ಅಲ್ಪವಿರಾಮದ ನಂತರ ಒಂದಿಷ್ಟು ಜಾಗ ಬಿಟ್ಟು ಬರೆಯುತ್ತೇವೆ. ಗ್ರಂಥಾಲಯದಲ್ಲಿ ಟೈಪ್ ಮಾಡಿದವರೂ ಶಿಸ್ತಿನಿಂದ ಹಾಗೆಯೇ ಮಾಡಿದ್ದರು. ಯಂತ್ರದ ಪಾಲಿಗೆ ಆ ಖಾಲಿ ಜಾಗವೂ ಒಂದು ಅಕ್ಷರವೇ. ‘ಕಥೆ, ನಾಟಕ’ ಎಂಬ ಪಟ್ಟಿಯಲ್ಲಿರುವ ಎರಡನೆಯ ಮಾತು ‘ನಾಟಕ’ ಅಲ್ಲ, ಮುಂದೆ ಖಾಲಿ ಜಾಗವಿರುವ ಬೇರೊಂದು ಮಾತು. ಹಾಗಾಗಿ ನಾಟಕ ಎಂಬುದು ಮೊದಲ ವಿಷಯವಾಗಿದ್ದ ಪುಸ್ತಕಗಳು ಸಿಕ್ಕವು, ಎರಡನೆಯದೋ ಮೂರನೆಯದೋ ಆಗಿದ್ದವು ಸಿಗಲಿಲ್ಲ. ಖಾಲಿ ಜಾಗಗಳನ್ನು ತೆಗೆದು ಹುಡುಕೋಣವೆಂದರೆ ‘ಮಕ್ಕಳ ಸಾಹಿತ್ಯ’ ಎಂಬಲ್ಲಿ ಪದಗಳ ನಡುವಿನ ಜಾಗವೂ ಹೋಗುತ್ತದೆ. ಅಲ್ಪವಿರಾಮದ ಪಕ್ಕದ್ದನ್ನು ಮಾತ್ರ ತೆಗೆಯಬೇಕು, ಎಲ್ಲಿಯಾದರೂ ಎರಡೆರಡು ಬಿದ್ದಿದ್ದರೆ ಅವನ್ನೂ ನೋಡಿಕೊಳ್ಳಬೇಕು. ಒಂದು ತೇಪೆಯ ಮೇಲೆ ಮತ್ತೊಂದು ತೇಪೆ ಎಂಬಂತೆ ಕ್ವೆರಿ, ಅಂದರೆ ದತ್ತಸಂಚಯಕ್ಕೆ ಕೇಳುವ ಪ್ರಶ್ನೆ, ಉದ್ದವಾಗುತ್ತಾ ಹೋಯಿತು.

ಲೇಖಕರ ಕಾಲಮ್ಮಿಗೆ ಬಂದಾಗ ಆ ತೇಪೆಯೂ ನಿಲ್ಲಲಿಲ್ಲ. ಗ್ರಂಥಾಲಯದ ಪದ್ಧತಿಯಲ್ಲಿ ಲೇಖಕರ ಮನೆತನದ ಹೆಸರನ್ನು ಮೊದಲು ಬರೆದು, ಅಲ್ಪವಿರಾಮ ಹಾಕಿ, ಆಮೇಲೆ ಉಳಿದದ್ದನ್ನು ಬರೆಯುತ್ತಾರೆ. ‘ಬೇಂದ್ರೆ, ದ.ರಾ.’ ಎಂದು, ‘ಕಾರಂತ, ಶಿವರಾಮ’ ಎಂದು. ಇಬ್ಬರು ಸೇರಿ ಸಂಪಾದಿಸಿದ ಪುಸ್ತಕದಲ್ಲಿ ಅಲ್ಪವಿರಾಮವು ಒಂದು ಕಡೆ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡುತ್ತದೆ, ಇನ್ನೊಂದು ಕಡೆ ಒಂದೇ ಹೆಸರನ್ನು ಎರಡು ಭಾಗ ಮಾಡುತ್ತದೆ. ಯಾವ ಅಲ್ಪವಿರಾಮ ಯಾವುದು ಎಂದು ತಿಳಿದವರು ಓದಿದರೆ ಗೊತ್ತಾಗುತ್ತದೆ, ಯಂತ್ರಕ್ಕೆ ಗೊತ್ತಾಗುವ ಯಾವ ಉಪಾಯವೂ ಇಲ್ಲ. ಹುಡುಕುವ ಮಾತಿನಲ್ಲಿಯೇ ಅಲ್ಪವಿರಾಮವಿದ್ದರೆ ಮೇಲೆ ಹೇಳಿದ ಫೈಂಡ್ ಇನ್ ಸೆಟ್ ಸರಿಯಾಗಿ ಕೆಲಸ ಮಾಡುವುದಿಲ್ಲವೆಂದು ಅದರ ಕೈಪಿಡಿಯಲ್ಲಿಯೇ ಸ್ಪಷ್ಟವಾಗಿ ಹೇಳಿದ್ದಾರೆ. ಬೇರ್ಪಡಿಸುವ ಚಿಹ್ನೆಯನ್ನು ಬದಲಿಸಿ ಉದ್ದಗೆರೆಯನ್ನೋ ಅರ್ಧವಿರಾಮವನ್ನೋ ಬಳಸಿದರೆ ಈ ಒಂದು ತೊಂದರೆ ತಪ್ಪುತ್ತದೆ, ಉಳಿದವು ಇದ್ದಲ್ಲಿಯೇ ಇರುತ್ತವೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಆ ಖಾನೆಗಳನ್ನು ಬಿಡಿಸಿ ನೋಡಿದಾಗ ‘ಕಾದಂಬರಿ’ ಎಂಬ ಒಂದೇ ವಿಷಯ ಹಲವು ರೂಪಗಳಲ್ಲಿ ಸಿಕ್ಕಿತು. ಅವುಗಳಲ್ಲಿ ಒಂದು ರೂಪ ಕಣ್ಣಿಗೆ ಸಂಪೂರ್ಣ ಸರಿಯಾಗಿಯೇ ಇತ್ತು, ಆದರೂ ಹುಡುಕಾಟಕ್ಕೆ ದಕ್ಕುತ್ತಿರಲಿಲ್ಲ. ಭೂತಗನ್ನಡಿ ಹಿಡಿದಂತೆ ಒಂದೊಂದೇ ಸಂಕೇತವನ್ನು ತೆಗೆದು ನೋಡಿದರೆ, ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕುಳಿತಿತ್ತು. ಎರಡೂ ತೆರೆಯ ಮೇಲೆ ಹೆಚ್ಚುಕಡಿಮೆ ಒಂದೇ ಬಗೆಯ ಸುತ್ತುಗಳಾಗಿ ಕಾಣುತ್ತವೆ, ಯಂತ್ರಕ್ಕೆ ಅವು ಸಂಬಂಧವೇ ಇಲ್ಲದ ಎರಡು ಸಂಕೇತಗಳು. ‘ಕಥೆ’ ಮತ್ತು ‘ಕತೆ’ ಎರಡೂ ಕನ್ನಡದಲ್ಲಿ ಒಪ್ಪಿತ ರೂಪಗಳಾದ್ದರಿಂದ ಒಬ್ಬರು ಹಾಗೆ, ಒಬ್ಬರು ಹೀಗೆ ಬರೆದಿದ್ದರು. ಟೈಪ್ ಮಾಡಿದವರನ್ನು ನಾನು ದೂರುವುದಿಲ್ಲ. ದಿನಕ್ಕೆ ಇಷ್ಟು ಪುಸ್ತಕ ಎಂಬ ಲೆಕ್ಕದಲ್ಲಿ ದುಡಿದ ಹುಡುಗರು ಅವರು. ವಿಷಯಗಳ ಒಂದು ಪ್ರತ್ಯೇಕ ಪಟ್ಟಿ ಇದ್ದು, ಅದರಿಂದ ಆರಿಸಿಕೊಳ್ಳುವುದಷ್ಟೇ ಅವರ ಕೆಲಸವಾಗಿದ್ದರೆ ಈ ಬೆರಳ ತಪ್ಪುಗಳಿಗೆ ಆಸ್ಪದವೇ ಇರುತ್ತಿರಲಿಲ್ಲ. ಏನನ್ನು ಬರೆದರೂ ನುಂಗಿಕೊಳ್ಳುವ ಖಾನೆಯನ್ನು ಅವರ ಮುಂದಿಟ್ಟವರೇ ಇದಕ್ಕೆ ಹೊಣೆ.

ವೇಗದ ಮಾತನ್ನು ಎಲ್ಲರೂ ಮೊದಲು ಎತ್ತುತ್ತಾರೆ, ನಾನು ನಡುವೆ ಎತ್ತುತ್ತಿದ್ದೇನೆ, ಏಕೆಂದರೆ ಸಣ್ಣ ಗ್ರಂಥಾಲಯಕ್ಕೆ ಅದು ದೊಡ್ಡ ಪ್ರಶ್ನೆಯಲ್ಲ. ನಿಘಂಟಿನಲ್ಲಿ ಪದಗಳು ಅಕಾರಾದಿಯಾಗಿ ಇರುವುದರಿಂದ ನಮಗೆ ಬೇಕಾದ ಪುಟಕ್ಕೆ ನೇರವಾಗಿ ಹೋಗುತ್ತೇವೆ. ದತ್ತಸಂಚಯದ ಇಂಡೆಕ್ಸ್ ಕೂಡ ಅದೇ ಉಪಾಯ. ಪದದ ಆರಂಭವೇ ಗೊತ್ತಿಲ್ಲದೆ ನಡುವಿನ ಅಕ್ಷರ ಹಿಡಿದು ಹುಡುಕುವವರಿಗೆ ನಿಘಂಟು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಕಾದ ಪುಸ್ತಕವಾಗುತ್ತದೆ. ಹನ್ನೆರಡು ಸಾವಿರ ಸಾಲುಗಳನ್ನು ಹೀಗೆ ಓದುವುದು ಇಂದಿನ ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟರ ಕೆಲಸ. ಆದರೆ ಮುನ್ನೂರು ವಿಷಯಗಳಲ್ಲಿ ಪ್ರತಿಯೊಂದರಲ್ಲಿಯೂ ಎಷ್ಟೆಷ್ಟು ಪುಸ್ತಕಗಳಿವೆ ಎಂದು ಕೇಳಿದ ಕೂಡಲೇ ಮೂವತ್ತಾರು ಲಕ್ಷ ಹೋಲಿಕೆಗಳು ಬೇಕಾಗುತ್ತವೆ, ಪ್ರತಿ ಹೋಲಿಕೆಯಲ್ಲಿಯೂ ಒಂದು ಸಾಲನ್ನು ಅಲ್ಪವಿರಾಮಗಳಲ್ಲಿ ಬಿಡಿಸಿ ನೋಡಬೇಕಾಗುತ್ತದೆ. ಹತ್ತು ಗ್ರಂಥಾಲಯಗಳು ಸೇರಿ ಒಂದೇ ಸೂಚಿ ಮಾಡಿಕೊಳ್ಳೋಣವೆಂದು ಹೊರಟ ದಿನ ಅದರ ಬಿಸಿ ತಟ್ಟುತ್ತದೆ.

ನನಗೆ ನಿಜವಾಗಿ ನೋವಾಗುವುದು, ಈ ಸಮಸ್ಯೆಯನ್ನು ನಮ್ಮ ಗ್ರಂಥಾಲಯಗಳು ಕಂಪ್ಯೂಟರ್ ಬರುವ ಮೊದಲೇ ಬಿಡಿಸಿಟ್ಟಿದ್ದವಲ್ಲ ಎಂಬುದಕ್ಕೆ. ಹಳೆಯ ಗ್ರಂಥಾಲಯಗಳಲ್ಲಿ ಸಣ್ಣ ಸಣ್ಣ ಎಳೆಪೆಟ್ಟಿಗೆಗಳ ಮರದ ಕ್ಯಾಬಿನೆಟ್ ಇರುತ್ತಿತ್ತು. ಆ ಪೆಟ್ಟಿಗೆಯ ಹಿತ್ತಾಳೆ ಹಿಡಿಯನ್ನು ಎಳೆದು ಕಾರ್ಡುಗಳನ್ನು ಬೆರಳಲ್ಲಿ ಸರಿಸಿದ ನೆನಪು ನನ್ನ ವಯಸ್ಸಿನ ಓದುಗರಿಗೆ ಇದ್ದೇ ಇರುತ್ತದೆ. ಒಂದು ಪುಸ್ತಕ ಕಪಾಟಿನಲ್ಲಿ ಒಂದೇ ಜಾಗದಲ್ಲಿ ಇರಲು ಸಾಧ್ಯ. ಆದರೆ ಆ ಪುಸ್ತಕಕ್ಕೆ ಕಾರ್ಡು ಮಾತ್ರ ಒಂದೇ ಇರುತ್ತಿರಲಿಲ್ಲ. ಲೇಖಕರ ಹೆಸರಿನಲ್ಲಿ ಒಂದು, ಪುಸ್ತಕದ ಹೆಸರಿನಲ್ಲಿ ಒಂದು, ಮೂರು ವಿಷಯಗಳಿದ್ದರೆ ಮೂರು ವಿಷಯಗಳ ಕೆಳಗೆ ಒಂದೊಂದು, ಹೀಗೆ ಪ್ರತಿಯೊಂದೂ ತನ್ನ ತನ್ನ ಅಕಾರಾದಿಯ ಜಾಗಕ್ಕೆ ಹೋಗುತ್ತಿತ್ತು. ‘ನಾಟಕ’ದ ಕಾರ್ಡುಗಳು ನಕಾರದ ಪೆಟ್ಟಿಗೆಯಲ್ಲಿ, ‘ಕರ್ನಾಟಕ’ದವು ಕಕಾರದ ಪೆಟ್ಟಿಗೆಯಲ್ಲಿ. ಒಂದು ಇನ್ನೊಂದರಲ್ಲಿ ಬೆರೆಯುವ ಪ್ರಶ್ನೆಯೇ ಇರಲಿಲ್ಲ.

ಆ ಪದ್ಧತಿಯಲ್ಲಿಯೂ ವಿಷಯಗಳನ್ನೆಲ್ಲ ಒಟ್ಟಿಗೆ ಬರೆದಿಡುವ ಒಂದು ಜಾಗವಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಮುಖ್ಯ ಕಾರ್ಡಿನ ಕೆಳತುದಿಯಲ್ಲೋ ಬೆನ್ನಲ್ಲೋ ಈ ಪುಸ್ತಕಕ್ಕೆ ಇನ್ನೂ ಎಲ್ಲೆಲ್ಲಿ ಕಾರ್ಡುಗಳಿವೆ ಎಂದು ಸಾಲಾಗಿ ನಮೂದಿಸುತ್ತಿದ್ದರು. ಅದನ್ನು ಟ್ರೇಸಿಂಗ್ ಎನ್ನುತ್ತಿದ್ದರು. ಪುಸ್ತಕ ಕಳೆದುಹೋದರೆ ಅಥವಾ ಹರಿದು ರದ್ದಾದರೆ ಅದರ ಎಲ್ಲ ಕಾರ್ಡುಗಳನ್ನು ಹುಡುಕಿ ತೆಗೆಯುವುದಕ್ಕೆ ಸಿಬ್ಬಂದಿಗೆ ಬೇಕಾದ ಗುರುತು ಅದು. ಓದುಗರು ಅದನ್ನು ಹಿಡಿದು ಪುಸ್ತಕ ಹುಡುಕಬೇಕೆಂದು ಯಾರೂ ಹೇಳಿರಲಿಲ್ಲ. ನಮ್ಮ ಗುತ್ತಿಗೆದಾರರು ಮಾಡಿದ್ದೇನೆಂದರೆ, ಕ್ಯಾಬಿನೆಟ್ಟಿನ ಅಷ್ಟೂ ಕಾರ್ಡುಗಳನ್ನು ಬಿಟ್ಟು ಆ ಟ್ರೇಸಿಂಗ್ ಸಾಲೊಂದನ್ನೇ ಕಂಪ್ಯೂಟರಿಗೆ ಇಳಿಸಿದರು.

ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ತಳಹದಿ ಹಾಕಿದ ಎಸ್.ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಪ್ರಲೇಖನ (ಡಾಕ್ಯುಮೆಂಟೇಶನ್) ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಅವರು 1962ರಲ್ಲಿ ಕಟ್ಟಿದ್ದೂ ಇಲ್ಲಿಯೇ. 1931ರಲ್ಲಿ ಅವರು ಮುಂದಿಟ್ಟ ಐದು ಸೂತ್ರಗಳಲ್ಲಿ ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು ಒಂದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಇನ್ನೊಂದು, ಓದುಗನ ಸಮಯ ಉಳಿಯಬೇಕು ಎಂಬುದು ಮತ್ತೊಂದು. ಅವರು ರೂಪಿಸಿದ ಕೋಲನ್ ವರ್ಗೀಕರಣದಲ್ಲಿ ವಿರಾಮ ಚಿಹ್ನೆಗಳ ಬಳಕೆ ಹೇರಳವಾಗಿದೆ. ಆದರೆ ಅಲ್ಲಿ ಒಂದೊಂದು ಚಿಹ್ನೆಗೂ ಒಂದೊಂದು ನಿಶ್ಚಿತ ಕೆಲಸವಿದೆ, ಅದರ ಮುಂದೆ ಬರುವ ಅಂಶ ಯಾವ ಬಗೆಯದೆಂದು ಚಿಹ್ನೆಯೇ ಹೇಳುತ್ತದೆ. ಅಷ್ಟು ನಿಯಮವಿಟ್ಟುಕೊಂಡು ಚಿಹ್ನೆ ಬಳಸಿದ ಪರಂಪರೆಯ ನಾಡಿನಲ್ಲಿ ಯಾವ ನಿಯಮವೂ ಇಲ್ಲದ ಅಲ್ಪವಿರಾಮದ ಸಾಲಿಗೆ ಗ್ರಂಥಸೂಚಿಯನ್ನು ಒಪ್ಪಿಸಿಬಿಟ್ಟಿದ್ದೇವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1960ರ ದಶಕದಲ್ಲಿ ಗ್ರಂಥಸೂಚಿಯನ್ನು ಕಂಪ್ಯೂಟರಿಗಾಗಿ ರೂಪಿಸಿದ ಮಾರ್ಕ್ ಎಂಬ ಮಾದರಿಯೂ ಕಾರ್ಡಿನ ಈ ವಿವೇಕವನ್ನು ಉಳಿಸಿಕೊಂಡಿತು. ಈಗಿನ ಮಾರ್ಕ್ ದಾಖಲೆಯಲ್ಲಿ ವಿಷಯಕ್ಕೆ 650 ಎಂಬ ಸಂಖ್ಯೆಯ ಖಾನೆ ಇದ್ದು, ಪುಸ್ತಕಕ್ಕೆ ಮೂರು ವಿಷಯಗಳಿದ್ದರೆ ಆ ಖಾನೆ ಮೂರು ಸಲ ಬರುತ್ತದೆ.

ದತ್ತಸಂಚಯದ ಶಾಸ್ತ್ರವೂ ಇದನ್ನೇ ಹೇಳುತ್ತದೆ. ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞರು 1970ರಲ್ಲಿ ಪ್ರಕಟಿಸಿದ ಲೇಖನ ಇಂದಿನ ಎಲ್ಲ ಕೋಷ್ಟಕ ಮಾದರಿಯ ದತ್ತಸಂಚಯಗಳಿಗೂ ಮೂಲ. ಅವರು ಅಲ್ಲಿ ಕೊಟ್ಟ ಉದಾಹರಣೆ ಒಬ್ಬ ನೌಕರನದು. ಅವನ ಹೆಸರು, ಹುಟ್ಟಿದ ದಿನಗಳ ಜೊತೆಯಲ್ಲಿಯೇ ಅವನ ಮಕ್ಕಳ ಪಟ್ಟಿಯನ್ನೂ ಹಿಂದಿನ ಹುದ್ದೆಗಳ ಪಟ್ಟಿಯನ್ನೂ ಒಳಗೊಳಗೆ ತುಂಬಿಟ್ಟರೆ ತೊಡಕಾಗುತ್ತದೆ, ಅವನ್ನು ಹೊರಗೆ ತೆಗೆದು ಬೇರೆ ಕೋಷ್ಟಕಗಳನ್ನಾಗಿ ಮಾಡಿ ನೌಕರನ ಸಂಖ್ಯೆಯಿಂದ ಜೋಡಿಸಿ ಎಂದು ಅವರು ತೋರಿಸಿಕೊಟ್ಟರು. ಒಂದು ಖಾನೆಗೆ ಒಂದೇ ಮೌಲ್ಯ ಎಂಬ ಈ ನಿಯಮವನ್ನು ಇಂದು ಪ್ರಥಮ ನಾರ್ಮಲ್ ಫಾರ್ಮ್ ಎಂಬ ಹೆಸರಿನಲ್ಲಿ ನಮ್ಮ ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಸುತ್ತಾರೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಅದರ ವ್ಯಾಖ್ಯೆಯನ್ನು ತಪ್ಪಿಲ್ಲದೆ ಬರೆಯುತ್ತಾರೆ. ಅವರ ಮುಂದೆ ತಮ್ಮದೇ ಊರಿನ ಗ್ರಂಥಾಲಯದ ಒಂದು ಖಾನೆಯನ್ನು ಇಟ್ಟು ‘ನಾಟಕ ಹುಡುಕಿ ಕೊಡಿ’ ಎಂದು ಅಧ್ಯಾಪಕರು ಒಂದೇ ಒಂದು ಸಲ ಕೇಳಿದರೆ ಆ ವ್ಯಾಖ್ಯೆಗೆ ಜೀವ ಬರುತ್ತದೆ ಎಂದು ನನ್ನ ನಂಬಿಕೆ.

ಹಾಗಾದರೆ ಮಾಡಬೇಕಾದ್ದೇನು? ಪುಸ್ತಕಗಳಿಗೊಂದು ಕೋಷ್ಟಕ, ವಿಷಯಗಳಿಗೊಂದು ಕೋಷ್ಟಕ, ಎರಡನ್ನೂ ಬೆಸೆಯುವ ಮೂರನೆಯದೊಂದು ಕೋಷ್ಟಕ. ಈ ಮೂರನೆಯದರಲ್ಲಿ ಪ್ರತಿ ಸಾಲಿನಲ್ಲಿಯೂ ಎರಡೇ ಸಂಖ್ಯೆಗಳು: ಇಷ್ಟನೆಯ ಪುಸ್ತಕ, ಇಷ್ಟನೆಯ ವಿಷಯ. ಮೂರು ವಿಷಯಗಳ ಪುಸ್ತಕಕ್ಕೆ ಅಲ್ಲಿ ಮೂರು ಸಾಲು. ಹಳೆಯ ಕ್ಯಾಬಿನೆಟ್ಟಿನ ಮೂರು ಕಾರ್ಡುಗಳೇ ಇವು. ಆಗ ‘ನಾಟಕ’ ಎಂಬುದು ವಿಷಯಗಳ ಕೋಷ್ಟಕದಲ್ಲಿ ಒಂದೇ ಒಂದು ಕಡೆ, ಒಂದೇ ಕಾಗುಣಿತದಲ್ಲಿ ಇರುತ್ತದೆ. ಅದರ ಹೆಸರಿನಲ್ಲಿ ತಪ್ಪಿದ್ದರೆ ಒಂದು ಕಡೆ ತಿದ್ದಿದರೆ ಎಲ್ಲ ಪುಸ್ತಕಗಳಿಗೂ ಸರಿಹೋಗುತ್ತದೆ. ಪಟ್ಟಿಯಲ್ಲಿ ಇಲ್ಲದ ವಿಷಯವನ್ನು ಪುಸ್ತಕಕ್ಕೆ ಅಂಟಿಸಲು ಹೋದರೆ ವ್ಯವಸ್ಥೆಯೇ ತಡೆಯುತ್ತದೆ. ಯಾವ ವಿಷಯದಲ್ಲಿ ಎಷ್ಟು ಪುಸ್ತಕ, ನಾಟಕವೂ ಆಗಿರುವ ಮಕ್ಕಳ ಸಾಹಿತ್ಯವೂ ಆಗಿರುವ ಪುಸ್ತಕಗಳು ಯಾವುವು ಎಂಬ ಪ್ರಶ್ನೆಗಳು ನಾಲ್ಕು ಸಾಲಿನ ಕ್ವೆರಿಗಳಾಗುತ್ತವೆ. ಒಬ್ಬರು ಒಂದು ವಿಷಯವನ್ನು ಸೇರಿಸುತ್ತಿರುವಾಗಲೇ ಇನ್ನೊಬ್ಬರು ಬೇರೊಂದನ್ನು ಸೇರಿಸಿದರೆ ಒಬ್ಬರ ಬರಹ ಇನ್ನೊಬ್ಬರದನ್ನು ಅಳಿಸುವುದಿಲ್ಲ.

ಟೈಪ್ ಮಾಡುವವರಿಗೆ ಅಲ್ಪವಿರಾಮವೇ ಅನುಕೂಲವಲ್ಲವೇ ಎಂದು ಒಬ್ಬ ಗೆಳೆಯರು ನನ್ನನ್ನು ಕೇಳಿದರು. ಒಪ್ಪುತ್ತೇನೆ. ತೆರೆಯ ಮೇಲೆ ಅವರು ಬೇಕಾದರೆ ಅಲ್ಪವಿರಾಮ ಹಾಕಿಯೇ ಬರೆಯಲಿ, ಒಳಗೆ ಇಡುವ ಮೊದಲು ತಂತ್ರಾಂಶ ಅದನ್ನು ಬಿಡಿಸಿ ಬೇರೆ ಬೇರೆ ಸಾಲುಗಳನ್ನಾಗಿ ಮಾಡಲಿ. ಓದುಗರಿಗೆ ತೋರಿಸುವಾಗಲೂ ಅವನ್ನು ಮತ್ತೆ ಅಲ್ಪವಿರಾಮದಿಂದ ಪೋಣಿಸಿ ತೋರಿಸಬಹುದು. ಅದಕ್ಕೆಂದು ಮೈಎಸ್‌ಕ್ಯುಎಲ್‌ನಲ್ಲಿ ‘ಗ್ರೂಪ್ ಕಾನ್ಕ್ಯಾಟ್’, ಪೋಸ್ಟ್‌ಗ್ರೆಸ್‌ನಲ್ಲಿ ‘ಸ್ಟ್ರಿಂಗ್ ಆಗ್’, ಒರಾಕಲ್‌ನಲ್ಲಿ ‘ಲಿಸ್ಟ್ ಆಗ್’ ಎಂಬ ಸೂತ್ರಗಳಿವೆ (ಕೊನೆಯ ಎರಡೂ ಬೇರೆ ದತ್ತಸಂಚಯ ವ್ಯವಸ್ಥೆಗಳು). ಕನ್ನಡದಲ್ಲಿ ಕೆಲಸ ಮಾಡುವವರು ಇಲ್ಲಿ ಒಂದನ್ನು ಗಮನಿಸಬೇಕು. ಗ್ರೂಪ್ ಕಾನ್ಕ್ಯಾಟ್ ಕೊಡುವ ಉತ್ತರದ ಉದ್ದವನ್ನು ಮೈಎಸ್‌ಕ್ಯುಎಲ್ ತಾನಾಗಿ 1024 ಬೈಟುಗಳಿಗೆ ಮಿತಿಗೊಳಿಸಿರುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು, ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ‘ಕರ್ನಾಟಕ’ ಎಂಬ ಒಂದು ಪದವೇ 21 ಬೈಟು. ಆದ್ದರಿಂದ ಇಂಗ್ಲಿಷ್ ಪಟ್ಟಿ ಪೂರ್ತಿ ಕಾಣುವಲ್ಲಿ ಕನ್ನಡ ಪಟ್ಟಿ ನಡುವೆಯೇ ತುಂಡಾಗುತ್ತದೆ. ಆ ಮಿತಿಯನ್ನು ಹೆಚ್ಚಿಸಿಕೊಳ್ಳಲು ಒಂದೇ ಸಾಲಿನ ಆಜ್ಞೆ ಸಾಕು, ಗೊತ್ತಿರಬೇಕು ಅಷ್ಟೆ.

ಇನ್ನು, ಬೇರೆಯವರ ತಂತ್ರಾಂಶ ಬಳಸುತ್ತಿರುವವರಿಗೆ, ಕೋಷ್ಟಕದ ರಚನೆಯನ್ನು ಮುಟ್ಟುವ ಹಕ್ಕಿಲ್ಲದವರಿಗೆ ಒಂದು ಮಾತು. ಎಸ್‌ಕ್ಯುಎಲ್ ಸರ್ವರ್‌ನಲ್ಲಿ 2016ರ ಆವೃತ್ತಿಯಿಂದ, ಅಲ್ಪವಿರಾಮದ ಬರಹವನ್ನು ಬಿಡಿಸಿಕೊಡುವ ‘ಸ್ಟ್ರಿಂಗ್ ಸ್ಪ್ಲಿಟ್’ ಎಂಬ ಸೂತ್ರ ಬಂದಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಅಂಥ ಬರಹವನ್ನು ಪಟ್ಟಿಯಾಗಿ ಬಿಡಿಸುವ, ಪಟ್ಟಿಯನ್ನು ಕೋಷ್ಟಕದ ಸಾಲುಗಳಾಗಿ ಹರಡುವ ಸೂತ್ರಗಳಿವೆ, ಪಟ್ಟಿಯನ್ನೇ ನೇರವಾಗಿ ಇಟ್ಟುಕೊಂಡು ಅದಕ್ಕೆ ಇಂಡೆಕ್ಸ್ ಮಾಡುವ ಅನುಕೂಲವೂ ಇದೆ. ಮೈಎಸ್‌ಕ್ಯುಎಲ್‌ನ 8ನೆಯ ಆವೃತ್ತಿಯಲ್ಲಿ ‘ಜೇಸನ್ ಟೇಬಲ್’ ಎಂಬ ಸೂತ್ರದ ಮೂಲಕ ಇದನ್ನು ಸಾಧಿಸಬಹುದು. ಹಳೆಯ ದತ್ತಾಂಶವನ್ನು ಹೊಸ ರಚನೆಗೆ ಸಾಗಿಸುವಾಗ ಇವು ಬಹಳ ಉಪಯುಕ್ತ. ಎಂದಿಗೂ ಹುಡುಕಬೇಕಾಗಿಲ್ಲದ, ಎಣಿಸಬೇಕಾಗಿಲ್ಲದ, ಬರೀ ಮುದ್ರಿಸಿ ತೋರಿಸುವ ಮಾತುಗಳನ್ನು, ಉದಾಹರಣೆಗೆ ವಿಳಾಸದ ಸಾಲುಗಳನ್ನು, ಅಲ್ಪವಿರಾಮ ಹಾಕಿ ಒಂದೇ ಖಾನೆಯಲ್ಲಿ ಇಟ್ಟರೆ ನನ್ನ ಆಕ್ಷೇಪವಿಲ್ಲ. ಗ್ರಂಥಾಲಯದ ವಿಷಯ ಮತ್ತು ಲೇಖಕರ ಖಾನೆಗಳು ಆ ಬಗೆಯವಲ್ಲ, ಹುಡುಕುವುದಕ್ಕೆಂದೇ ಇರುವ ಖಾನೆಗಳು ಅವು.

ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗೆ 1965ರಿಂದಲೇ ಒಂದು ಕಾಯಿದೆ ಇದೆ, ನಾವು ಕಟ್ಟುವ ಆಸ್ತಿ ತೆರಿಗೆಯ ರಸೀದಿಯಲ್ಲಿ ಗ್ರಂಥಾಲಯ ಕರವೂ ಸೇರಿದೆ. ಆದ್ದರಿಂದ ಇದು ಕಂಪ್ಯೂಟರ್ ಬಲ್ಲವರ ಒಳಜಗಳವಲ್ಲ, ತೆರಿಗೆ ಕಟ್ಟುವ ಎಲ್ಲ ಓದುಗರೂ ಕೇಳಬಹುದಾದ ಪ್ರಶ್ನೆ. ಪುಸ್ತಕ ಸೂಚಿಯ ಗಣಕೀಕರಣಕ್ಕೆ ಟೆಂಡರ್ ಕರೆಯುವ ಅಧಿಕಾರಿಗಳಲ್ಲಿ, ಖಾಸಗಿ ವಾಚನಾಲಯಗಳನ್ನು ನಡೆಸುವ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಕೆಲಸ ಮುಗಿಯಿತೆಂದು ಗುತ್ತಿಗೆದಾರರು ಬಂದಾಗ ಬಿಲ್ಲಿಗೆ ಸಹಿ ಹಾಕುವ ಮೊದಲು ನೀವೇ ಕಂಪ್ಯೂಟರಿನ ಮುಂದೆ ಕುಳಿತು ‘ನಾಟಕ’ ಎಂದು ಹುಡುಕಿ, ‘ವೇದ’ ಎಂದು ಹುಡುಕಿ. ವಿಷಯವಾರು ಪುಸ್ತಕಗಳ ಸಂಖ್ಯೆಯನ್ನು ಅಲ್ಲಿಯೇ ತೆಗೆದುಕೊಡಲು ಹೇಳಿ. ಆಮೇಲೆ ಅದೇ ವಿಷಯದ ಒಂದು ಕಪಾಟಿನಿಂದ ಕಣ್ಣಿಗೆ ಬಿದ್ದ ಹತ್ತು ಪುಸ್ತಕ ತೆಗೆದು, ಅವು ಪಟ್ಟಿಯಲ್ಲಿ ಬಂದಿವೆಯೇ ಎಂದು ತಾಳೆ ನೋಡಿ.

ನಮ್ಮ ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ವಿಷಯಗಳ ಖಾನೆಯನ್ನು ಬಿಡಿಸಿ ಮುಗಿಸಲು ನಾಲ್ಕು ತಿಂಗಳ ಭಾನುವಾರಗಳು ಬೇಕಾದವು. ಯಂತ್ರ ಬಿಡಿಸಿಕೊಟ್ಟ ಒಂಬೈನೂರಕ್ಕೂ ಹೆಚ್ಚು ರೂಪಗಳನ್ನು ಗ್ರಂಥಪಾಲಕರೂ ಆ ಹಿರಿಯ ಸಹಾಯಕರೂ ಎದುರುಬದುರು ಕುಳಿತು ಓದಿ, ಯಾವುದು ಯಾವುದರ ತಪ್ಪು ರೂಪವೆಂದು ಗುರುತಿಸಿ, ಮುನ್ನೂರರ ಒಳಗೆ ತಂದರು. ಆ ನಿರ್ಧಾರಗಳಲ್ಲಿ ಒಂದನ್ನೂ ನಾನು ಮಾಡಲು ಆಗುತ್ತಿರಲಿಲ್ಲ, ಯಾವ ಸೂತ್ರಕ್ಕೂ ಆಗುತ್ತಿರಲಿಲ್ಲ. ಈಗ ‘ನಾಟಕ’ ಎಂದರೆ ನಾಟಕಗಳೇ ಬರುತ್ತವೆ. ಲೇಖಕರ ಖಾನೆ ಇನ್ನೂ ಬಾಕಿ ಇದೆ. ಅಲ್ಲಿಯ ಅಲ್ಪವಿರಾಮಗಳನ್ನು ಯಂತ್ರ ಬಿಡಿಸಲಾರದು ಎಂದು ಮೇಲೆ ಹೇಳಿದೆನಲ್ಲ, ಹಾಗಾಗಿ ಒಂದೊಂದೇ ಪುಸ್ತಕವನ್ನು ಕಪಾಟಿನಿಂದ ತೆಗೆದು ಶೀರ್ಷಿಕೆ ಪುಟ ನೋಡಿ ಬರೆದುಕೊಳ್ಳುತ್ತಿದ್ದೇವೆ. ಕಳೆದ ಭಾನುವಾರಕ್ಕೆ ಮೂರನೆಯ ಕಪಾಟು ಮುಗಿಯಿತು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದತ್ತಾಂಶ ನಿರ್ವಾಹಕ, ಶಿವಮೊಗ್ಗ ಜಿಲ್ಲೆ